ಕಿಡ್ನಿಯ ನಾಳದಲ್ಲಿ ಹಕ್ಕಲು ಆಯುವ ಪ್ರೋಟೀನ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಪ್ಪತ್ತೆರಡು ವರ್ಷದಿಂದ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ರಿಪೋರ್ಟ್ ತೆಗೆದುಕೊಳ್ಳಲು ಬಂದವರು ಕೌಂಟರ್ ಹತ್ತಿರ ನಿಂತು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಸೇರಿಸಿದ್ದೇನೆ. ಎಲ್ಲವೂ ಕಿಡ್ನಿ ಕಾಯಿಲೆ, ಮೂತ್ರದಲ್ಲಿ ಹೋಗುವ ಪ್ರೋಟೀನ್, ಅದನ್ನು ಕಿಡ್ನಿಯ ನಾಳದಲ್ಲೇ ಹಿಡಿಯುವ ರಿಸೆಪ್ಟರ್ ಪ್ರೋಟೀನ್‌ಗಳ ಬಗ್ಗೆ. ಹಿಂದೆ ಸಾಲು ಇರುತ್ತದೆ, ಎರಡು ನಿಮಿಷದಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ. ಇಲ್ಲಿ ನಿಧಾನವಾಗಿ ಹೇಳಬಹುದು. ಇದನ್ನು ಓದಿ ಯಾರೂ ಮಾತ್ರೆ ಬದಲಾಯಿಸಬೇಡಿ, ನಿಲ್ಲಿಸಬೇಡಿ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಸರಿಯಾದ ಪ್ರಶ್ನೆ ಕೇಳಲು ಇದು ಸಹಾಯ ಮಾಡಿದರೆ ಸಾಕು.

ಕಿಡ್ನಿ ಅಂದ್ರೆ ಜರಡಿ ತಾನೇ? ಈ ನಾಳ ಎಲ್ಲಿಂದ ಬಂತು?

ಜರಡಿ ಇರುವುದು ನಿಜ. ಆದರೆ ಅದು ಮೊದಲ ಹಂತ ಅಷ್ಟೇ. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳಿರುತ್ತವೆ. ಪ್ರತಿ ನೆಫ್ರಾನಿನ ತುದಿಯಲ್ಲಿ ಸಣ್ಣ ರಕ್ತನಾಳಗಳ ಒಂದು ಉಂಡೆ, ಅದೇ ಜರಡಿ, ಡಾಕ್ಟರುಗಳ ಭಾಷೆಯಲ್ಲಿ ಗ್ಲೊಮೆರುಲಸ್. ಅದರ ಬಾಲದ ಹಾಗೆ ಸುತ್ತಿ ಸುತ್ತಿ ಹೋಗುವ ಕೂದಲಿಗಿಂತ ತೆಳ್ಳಗಿನ ಕೊಳವೆಯೇ ನಾಳ, ಟ್ಯೂಬ್ಯೂಲ್.

ದಿನಕ್ಕೆ ಈ ಜರಡಿಗಳಿಂದ ಸೋಸಿ ಬೀಳುವ ನೀರು ಎಷ್ಟು ಗೊತ್ತಾ? ಸುಮಾರು 180 ಲೀಟರ್. ನಾವು ಮೂತ್ರ ಮಾಡುವುದು ಒಂದೂವರೆ, ಎರಡು ಲೀಟರ್. ಮಿಕ್ಕಿದ್ದೆಲ್ಲ ಎಲ್ಲಿ ಹೋಯಿತು? ನಾಳ ವಾಪಸ್ ಎಳೆದುಕೊಂಡಿತು. ನೀರು, ಉಪ್ಪು, ಸಕ್ಕರೆ, ಜೊತೆಗೆ ಜರಡಿಯ ಕಣ್ಣಿನಿಂದ ನುಸುಳಿ ಬಂದ ಸಣ್ಣಪುಟ್ಟ ಪ್ರೋಟೀನ್, ಎಲ್ಲವನ್ನೂ.

ನಾಳದ ಮೊದಲ ಭಾಗಕ್ಕೆ ಪ್ರಾಕ್ಸಿಮಲ್ ಟ್ಯೂಬ್ಯೂಲ್ ಅಂತಾರೆ. ಅದರ ಒಳಗೋಡೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಭತ್ತದ ಸಸಿಮಡಿಯ ಹಾಗೆ ಒತ್ತೊತ್ತಾಗಿ ಎದ್ದು ನಿಂತ ಎಳೆಗಳು ಕಾಣುತ್ತವೆ. ನಮ್ಮ ಕಥೆ ನಡೆಯುವುದು ಅಲ್ಲಿ.

ರಿಸೆಪ್ಟರ್ ಪ್ರೋಟೀನ್ ಅಂದ್ರೆ ಏನು? ಅವು ಅಲ್ಲಿ ಏನು ಮಾಡುತ್ತವೆ?

ಒಂದು ನಿರ್ದಿಷ್ಟ ವಸ್ತು ಎದುರಿಗೆ ಬಂದಾಗ ಅದನ್ನು ಗುರುತಿಸಿ ಹಿಡಿಯುವ ಪ್ರೋಟೀನೇ ರಿಸೆಪ್ಟರ್. ಹಳ್ಳಿಯಲ್ಲಿ ಬೆಳೆದವರಿಗೆ ಹಕ್ಕಲು ಆಯುವುದು ಗೊತ್ತಿರುತ್ತದೆ. ಕೊಯ್ಲು ಆದ ಮೇಲೆ ಹೊಲದಲ್ಲಿ ಬಿದ್ದ ತೆನೆಗಳನ್ನು ಒಂದೂ ಬಿಡದೆ ಆರಿಸಿಕೊಂಡು ಬರುವುದು. ನಾಳದ ಗೋಡೆಯಲ್ಲಿ ಆ ಕೆಲಸ ಮಾಡುವವರು ಮುಖ್ಯವಾಗಿ ಇಬ್ಬರು: ಮೆಗಾಲಿನ್ ಮತ್ತು ಕ್ಯುಬಿಲಿನ್. ಇಬ್ಬರೂ ಬಹಳ ದೊಡ್ಡ ಪ್ರೋಟೀನ್‌ಗಳು. ಮೆಗಾಲಿನ್ ಅಂತೂ 4,600ಕ್ಕೂ ಜಾಸ್ತಿ ಅಮೈನೋ ಆಮ್ಲಗಳ ಸರಪಳಿ. ಹೆಸರಿನಲ್ಲೇ ದೊಡ್ಡದು ಅನ್ನುವ ಅರ್ಥ ಇದೆ. ಕ್ಯುಬಿಲಿನ್‌ಗೆ ಗೋಡೆಯಲ್ಲಿ ತಾನಾಗಿ ಗಟ್ಟಿಯಾಗಿ ನಿಲ್ಲಲು ಆಗುವುದಿಲ್ಲ, ಆಮ್ನಿಯಾನ್‌ಲೆಸ್ ಅನ್ನುವ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದು ನಿಲ್ಲಿಸುತ್ತದೆ.

ಇವು ಕೆಲಸ ಮಾಡುವ ರೀತಿ ನೋಡಿ. ನಾಳದಲ್ಲಿ ಹರಿದು ಬರುವ ಆಲ್ಬುಮಿನ್ (ರಕ್ತದಲ್ಲಿ ಹೆಚ್ಚಾಗಿರುವ ಪ್ರೋಟೀನ್), ವಿಟಮಿನ್ ಡಿ ಹೊತ್ತ ಪ್ರೋಟೀನ್, ವಿಟಮಿನ್ ಎ ಹೊತ್ತ ಪ್ರೋಟೀನ್, ಇನ್ಸುಲಿನ್, ಹೀಗೆ ಹತ್ತಾರು ಬಗೆಯದನ್ನು ಹಿಡಿದುಕೊಳ್ಳುತ್ತವೆ. ಹಿಡಿದ ಜಾಗದಲ್ಲಿ ಗೋಡೆ ಒಳಕ್ಕೆ ಗುಳಿ ಬೀಳುತ್ತದೆ, ಗುಳಿ ಮುಚ್ಚಿ ಸಣ್ಣ ಚೀಲ ಆಗುತ್ತದೆ, ಚೀಲ ಜೀವಕೋಶದ ಒಳಗೆ ಹೋಗುತ್ತದೆ. ಒಳಗೆ ಹುಳಿ ಏರಿದ ಕೂಡಲೇ ಮೆಗಾಲಿನ್ ಹಿಡಿತ ಬಿಡುತ್ತದೆ. ಸರಕು ಲೈಸೊಸೋಮ್ ಅನ್ನುವ, ಜೀವಕೋಶದೊಳಗಿನ ಅರೆಯುವ ಚೀಲಕ್ಕೆ ಹೋಗಿ ಪುಡಿಯಾಗುತ್ತದೆ, ಮೆಗಾಲಿನ್ ಮತ್ತೆ ಗೋಡೆಗೆ ಮರಳಿ ಮುಂದಿನ ಸರಕು ಹಿಡಿಯುತ್ತದೆ. ಹಗಲೂ ರಾತ್ರಿ ಇದೇ ಕೆಲಸ. ಆರೋಗ್ಯವಂತರ ಮೂತ್ರದಲ್ಲಿ ಪ್ರೋಟೀನ್ ಹೆಚ್ಚುಕಡಿಮೆ ಕಾಣದೇ ಇರುವುದಕ್ಕೆ ಜರಡಿಯ ಜೊತೆಗೆ ಇವರೂ ಕಾರಣ.

ಇವನ್ನು ಕಂಡುಹಿಡಿದದ್ದು ಹೇಗೆ?

1959ರಲ್ಲಿ ವಾಲ್ಟರ್ ಹೇಮನ್ ಅನ್ನುವ ವೈದ್ಯರು ಇಲಿಗಳಿಗೆ ಇಲಿ ಕಿಡ್ನಿಯದೇ ಅರೆದ ಅಂಶ ಚುಚ್ಚಿದಾಗ ಅವುಗಳಿಗೆ ಕಿಡ್ನಿ ಕಾಯಿಲೆ ಬಂತು, ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗಿತು. ದೇಹ ತನ್ನದೇ ಕಿಡ್ನಿಯ ಯಾವುದೋ ವಸ್ತುವಿನ ಮೇಲೆ ತಿರುಗಿಬಿದ್ದಿತ್ತು. ಆ ವಸ್ತು ಯಾವುದು ಅನ್ನುವುದು 1982ರಲ್ಲಿ ತಿಳಿಯಿತು. ಡೊಂಚೊ ಕೆರ್ಜಾಶ್ಕಿ ಮತ್ತು ಮೆರಿಲಿನ್ ಫಾರ್ಕರ್ ಅನ್ನುವ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ಜಿಪಿ330 ಅಂತ ಕರೆದರು. 1994ರಲ್ಲಿ ಇಲಿಯ ಪೂರ್ತಿ ಪ್ರೋಟೀನಿನ ಸರಣಿ ಸಿಕ್ಕಿದಾಗ ಮೆಗಾಲಿನ್ ಅನ್ನುವ ಹೆಸರು ಬಂತು. ಮನುಷ್ಯರಲ್ಲೂ ಅಪರೂಪಕ್ಕೆ, ಹೆಚ್ಚಾಗಿ ವಯಸ್ಸಾದವರಲ್ಲಿ, ಮೆಗಾಲಿನ್ ವಿರುದ್ಧವೇ ಪ್ರತಿಕಾಯ ಹುಟ್ಟಿ ಕಿಡ್ನಿ ಕೆಡುವುದುಂಟು.

ಸರಿ, ಶುಗರ್ ಬಿಪಿಯಿಂದ ಜರಡಿ ತೂತಾಗಿ ಪ್ರೋಟೀನ್ ಸೋರುತ್ತದೆ. ಅದಕ್ಕೂ ಈ ರಿಸೆಪ್ಟರ್‌ಗೂ ಏನು ಸಂಬಂಧ?

ಇದೇ ಮುಖ್ಯವಾದ ಪ್ರಶ್ನೆ. ಸ್ವಲ್ಪ ಉದ್ದ ಹೇಳುತ್ತೇನೆ.

ಹಕ್ಕಲು ಆಯುವವರ ಬುಟ್ಟಿ ಚಿಕ್ಕದು. ಹತ್ತು ತೆನೆ ಬಿದ್ದಿದ್ದರೆ ಆಯಬಹುದು. ಗಾಡಿಯೇ ಮಗುಚಿ ರಾಶಿ ರಾಶಿ ಬಿದ್ದರೆ? ಜರಡಿ ಹಾಳಾದಾಗ ನಾಳಕ್ಕೆ ಆಗುವುದು ಇದೇ. ಮೆಗಾಲಿನ್, ಕ್ಯುಬಿಲಿನ್‌ಗಳಿಗೆ ಸಾಕು ಅನ್ನಲು ಬರುವುದಿಲ್ಲ. ಎದುರಿಗೆ ಬಂದದ್ದನ್ನು ಹಿಡಿದು ಒಳಗೆ ತುಂಬುತ್ತಲೇ ಇರುತ್ತವೆ. ಲೈಸೊಸೋಮ್‌ಗಳು ಉಬ್ಬುತ್ತವೆ. ಆಲ್ಬುಮಿನ್ ಒಂಟಿಯಾಗಿ ಬರುವುದಿಲ್ಲ, ಬೆನ್ನ ಮೇಲೆ ಕೊಬ್ಬಿನ ಆಮ್ಲಗಳನ್ನು ಹೊತ್ತು ತರುತ್ತದೆ, ಅವೂ ಒಳಗೆ ಸೇರುತ್ತವೆ. ನಾಳದ ಜೀವಕೋಶ ಮೊದಲೇ ದುಡಿದು ದಣಿದದ್ದು, ಆಮ್ಲಜನಕ ಜಾಸ್ತಿ ಬೇಕಾದದ್ದು. ಅದು ಈಗ ಅಪಾಯ ಅಪಾಯ ಅಂತ ಸುತ್ತಲಿಗೆ ರಾಸಾಯನಿಕ ಸಂದೇಶ ಕಳಿಸತೊಡಗುತ್ತದೆ. ಬಿಳಿ ರಕ್ತಕಣಗಳು ಬಂದು ಸೇರುತ್ತವೆ, ಉರಿಯೂತ ಶುರುವಾಗುತ್ತದೆ, ಟಿಜಿಎಫ್ ಬೀಟಾ ಅನ್ನುವ ವಸ್ತು ಹೆಚ್ಚಿ ನಾಳಗಳ ಮಧ್ಯದ ಜಾಗದಲ್ಲಿ ನಾರು ಬೆಳೆಯುತ್ತದೆ. ಆ ನಾರು ಅಂದರೆ ಗಾಯದ ಕಲೆ. ಕಲೆ ಆದ ಜಾಗದಲ್ಲಿ ನಾಳ ಸಾಯುತ್ತದೆ. ನಾಳ ಸತ್ತ ನೆಫ್ರಾನಿನಲ್ಲಿ ಜರಡಿ ಇದ್ದೂ ಪ್ರಯೋಜನವಿಲ್ಲ. ಉಳಿದ ನೆಫ್ರಾನ್‌ಗಳ ಮೇಲೆ ಭಾರ ಹೆಚ್ಚುತ್ತದೆ, ಅವುಗಳ ಜರಡಿಯೂ ಸೋರುತ್ತದೆ. ಸುತ್ತು ಮುಂದುವರಿಯುತ್ತದೆ.

ಇದು ಸುಮ್ನೆ ಊಹೆಯಲ್ಲ. ಬಯಾಪ್ಸಿ ನೋಡುವವರು ಎಷ್ಟೋ ದಶಕಗಳಿಂದ ಹೇಳುತ್ತಾ ಬಂದಿದ್ದಾರೆ: ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಜರಡಿಯ ಹಾನಿಗಿಂತ ನಾಳಗಳ ನಡುವಿನ ಕಲೆಯೇ ಹೆಚ್ಚು ಹೊಂದುತ್ತದೆ. ಇಲಿಗಳ ಮೇಲೆ ಒಂದು ಚಂದದ ಪ್ರಯೋಗವೂ ಆಗಿದೆ. ಒಂದೇ ಕಿಡ್ನಿಯಲ್ಲಿ ಕೆಲವು ಜೀವಕೋಶಗಳಿಗೆ ಮೆಗಾಲಿನ್ ಇದೆ, ಪಕ್ಕದವಕ್ಕೆ ಇಲ್ಲ, ಹಾಗೆ ತಯಾರು ಮಾಡಿದ ಇಲಿಗಳು. ಜರಡಿ ಕೆಡಿಸಿ ಪ್ರೋಟೀನ್ ಸುರಿಸಿದಾಗ ಪೆಟ್ಟು ಬಿದ್ದದ್ದು ಮೆಗಾಲಿನ್ ಇದ್ದ ಜೀವಕೋಶಗಳಿಗೆ. ಇಲ್ಲದವು ಬಹುಮಟ್ಟಿಗೆ ಪಾರಾದವು. ಅಕ್ಕಪಕ್ಕದ ಮನೆ, ಒಂದೇ ನೆರೆ ನೀರು, ಬಾಗಿಲು ತೆರೆದಿಟ್ಟ ಮನೆಯೊಳಗೆ ಮಾತ್ರ ನುಗ್ಗಿತು.

ಹಾಗಾದ್ರೆ ಮೂತ್ರದಲ್ಲಿ ಪ್ರೋಟೀನ್ ಹೋದರೆ ಯಾವಾಗಲೂ ಕೆಟ್ಟದ್ದೇನಾ?

ಬಹುತೇಕ ಹೌದು, ಅದರಲ್ಲೂ ಶುಗರ್ ಅಥವಾ ಬಿಪಿ ಇರುವವರಲ್ಲಿ. ಆದರೆ ಒಂದು ವಿಶೇಷ ಸಂಗತಿ ಇದೆ.

1960ರಲ್ಲಿ ನಾರ್ವೆಯ ಓಲ್ಗಾ ಇಮರ್‌ಸ್ಲುಂಡ್ ಮತ್ತು ಫಿನ್ಲೆಂಡಿನ ರಾಲ್ಫ್ ಗ್ರಾಸ್‌ಬೆಕ್ ಬೇರೆ ಬೇರೆಯಾಗಿ ಒಂದೇ ಕಾಯಿಲೆ ವರ್ಣಿಸಿದರು. ಮಕ್ಕಳಲ್ಲಿ ಬಿ12 ಕೊರತೆಯ ರಕ್ತಹೀನತೆ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್. ಎರಡಕ್ಕೂ ಏನು ನಂಟು ಅಂತ ಆಗ ಗೊತ್ತಿರಲಿಲ್ಲ. ಬಹಳ ವರ್ಷಗಳ ನಂತರ ಉತ್ತರ ಸಿಕ್ಕಿತು: ಕರುಳಿನಲ್ಲಿ ಬಿ12 ಹೀರಲು ಬೇಕಾದದ್ದೂ ಕ್ಯುಬಿಲಿನ್, ಕಿಡ್ನಿ ನಾಳದಲ್ಲಿ ಆಲ್ಬುಮಿನ್ ಆಯುವುದೂ ಕ್ಯುಬಿಲಿನ್. ಅದು ಅಥವಾ ಅದನ್ನು ಹಿಡಿದು ನಿಲ್ಲಿಸುವ ಆಮ್ನಿಯಾನ್‌ಲೆಸ್ ಹುಟ್ಟಿನಿಂದಲೇ ಸರಿ ಇಲ್ಲದಿದ್ದರೆ ಎರಡೂ ಕಡೆ ತೊಂದರೆ. ಬಿ12 ಇಂಜೆಕ್ಷನ್ ಕೊಟ್ಟರೆ ರಕ್ತ ಸರಿಹೋಗುತ್ತದೆ, ಮೂತ್ರದ ಪ್ರೋಟೀನ್ ಹಾಗೇ ಉಳಿಯುತ್ತದೆ, ಆದರೂ ಸಾಮಾನ್ಯವಾಗಿ ಕಿಡ್ನಿ ಕೆಡುವುದಿಲ್ಲ.

2020ರಲ್ಲಿ ಇನ್ನೊಂದು ಅಧ್ಯಯನ ಬಂತು. ಕ್ಯುಬಿಲಿನ್ ಜೀನ್‌ನ ಕೊನೆಯ ಭಾಗದಲ್ಲಿ ಬದಲಾವಣೆ ಇರುವವರಿಗೆ ಬಿ12 ತೊಂದರೆಯೂ ಇಲ್ಲ, ಮೂತ್ರದಲ್ಲಿ ಆಲ್ಬುಮಿನ್ ಮಾತ್ರ ವರ್ಷಾನುಗಟ್ಟಲೆ ಹೋಗುತ್ತದೆ, ಕಿಡ್ನಿ ಕೆಲಸ ಚೆನ್ನಾಗಿಯೇ ಇರುತ್ತದೆ. ನನಗೆ ಇದನ್ನು ಓದಿದಾಗ ಮೈ ಜುಮ್ಮೆಂದಿತ್ತು. ಇವರಲ್ಲಿ ಆಲ್ಬುಮಿನ್ ನಾಳದ ಜೀವಕೋಶದ ಒಳಗೆ ಸರಿಯಾಗಿ ಹೋಗುವುದಿಲ್ಲ, ಹೊರಗೆ ಹರಿದು ಹೋಗುತ್ತದೆ. ಹಾನಿಗೆ ಕಾರಣ ಪ್ರೋಟೀನ್ ಒಳಗೆ ತುಂಬಿಕೊಳ್ಳುವುದು ಅನ್ನುವ ಮಾತಿಗೆ ಮನುಷ್ಯರಲ್ಲೇ ಸಿಕ್ಕ ದೊಡ್ಡ ಸುಳಿವು ಇದು.

ನಮ್ಮ ಕಡೆ ಸೋದರಮಾವನಿಗೆ, ಅತ್ತೆ ಮಗನಿಗೆ ಮದುವೆ ಮಾಡಿಕೊಡುವುದು ಇನ್ನೂ ಇದೆ ಅಲ್ವಾ, ಇಂಥ ಹುಟ್ಟುಕಾಯಿಲೆಗೆ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬರಬೇಕು, ಹತ್ತಿರದ ಸಂಬಂಧದಲ್ಲಿ ಅದರ ಸಾಧ್ಯತೆ ಜಾಸ್ತಿ. ಮಗುವಿಗೆ ಬಿ12 ಕಡಿಮೆ ಇದ್ದು ಮೂತ್ರದಲ್ಲೂ ಪ್ರೋಟೀನ್ ಇದ್ದರೆ ಎರಡನ್ನೂ ಒಟ್ಟಿಗೆ ಡಾಕ್ಟರಿಗೆ ತೋರಿಸಿ. ಬೇರೆ ಬೇರೆ ಕಡೆ ತೋರಿಸಿದರೆ ನಂಟು ಯಾರಿಗೂ ಹೊಳೆಯುವುದಿಲ್ಲ.

ನನ್ನ ಕ್ರಿಯಾಟಿನಿನ್ ನಾರ್ಮಲ್ ಇದೆ. ಮತ್ತೆ ಯಾಕೆ ಚಿಂತೆ?

ನನ್ನ ಚಿಕ್ಕಪ್ಪ ಇದೇ ಮಾತು ಹೇಳುತ್ತಿದ್ದರು. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಆರು ವರ್ಷದ ರಿಪೋರ್ಟ್ ಜೋಡಿಸಿ ಇಟ್ಟಿದ್ದರು. ಅವರಿಗೆ ಶುಗರ್. ಪ್ರತಿ ಹಾಳೆಯಲ್ಲೂ ಕ್ರಿಯಾಟಿನಿನ್ ಇತ್ತು: 0.9, 1.0, 1.0, 1.1. ಮೂತ್ರದ ಆಲ್ಬುಮಿನ್ ಒಂದು ಸಲವೂ ಇರಲಿಲ್ಲ. ಅವರು ತೋರಿಸುತ್ತಿದ್ದ ಕಡೆ ಯಾರೂ ಬರೆದಿರಲಿಲ್ಲ, ಇವರೂ ಕೇಳಿರಲಿಲ್ಲ. ನಾನು ಬೇರೆ ಊರಿನಲ್ಲಿದ್ದೆ, ನಾನೂ ಕೇಳಲಿಲ್ಲ, ಆ ನೋವು ನನಗೆ ಇವತ್ತಿಗೂ ಇದೆ. ಕಾಲು ಊದಿಕೊಂಡ ಮೇಲೆ ಪರೀಕ್ಷೆ ಮಾಡಿದರೆ ಆಲ್ಬುಮಿನ್ ಸಾವಿರ ದಾಟಿತ್ತು.

ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ, ಅದು ತಡವಾಗಿ ಏರುತ್ತದೆ. ಕಿಡ್ನಿಯ ಸುಮಾರು ಅರ್ಧ ಶಕ್ತಿ ಹೋಗುವವರೆಗೂ ಅದು ನಾರ್ಮಲ್ ಗೆರೆಯೊಳಗೇ ಇರಬಹುದು. ಅದಕ್ಕೇ ಯೂರಿನ್ ಎಸಿಆರ್, ಅಂದರೆ ಮೂತ್ರದ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತ, ಅಂತ ಕೇಳಿ ಮಾಡಿಸಿ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಆಲ್ಬುಮಿನ್ 30 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. 30ರಿಂದ 300 ಇದ್ದರೆ ಎಚ್ಚರ, 300 ದಾಟಿದರೆ ತೀವ್ರ. ಒಂದೇ ಸಲದ ರಿಪೋರ್ಟ್ ನೋಡಿ ಗಾಬರಿ ಆಗಬೇಡಿ. ಜ್ವರ, ಉರಿಮೂತ್ರ, ಮುಟ್ಟು, ಹಿಂದಿನ ದಿನದ ಭಾರಿ ವ್ಯಾಯಾಮ, ಇವೆಲ್ಲ ಆಲ್ಬುಮಿನ್ ಏರಿಸುತ್ತವೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಹಾಗೇ ಇದ್ದರೆ, ಅಥವಾ ಇಜಿಎಫ್ಆರ್ (ರಕ್ತ ಪರೀಕ್ಷೆಯಿಂದ ಲೆಕ್ಕ ಹಾಕುವ, ಜರಡಿಗಳ ಸೋಸುವ ಶಕ್ತಿ) ಅಷ್ಟೇ ಕಾಲ 60ಕ್ಕಿಂತ ಕೆಳಗೆ ಇದ್ದರೆ, ಆಗ ಸಿಕೆಡಿ, ಅಂದರೆ ದೀರ್ಘಕಾಲದ ಕಿಡ್ನಿ ಕಾಯಿಲೆ, ಅನ್ನುತ್ತಾರೆ.

ಶುಗರ್ ಇರುವವರು ವರ್ಷಕ್ಕೊಮ್ಮೆಯಾದರೂ ಎಸಿಆರ್, ಇಜಿಎಫ್ಆರ್ ಎರಡನ್ನೂ ಮಾಡಿಸಲೇಬೇಕು.

ಪಟ್ಟಿ ಪರೀಕ್ಷೆಯಲ್ಲಿ ಆಲ್ಬುಮಿನ್ ನಿಲ್ ಅಂತ ಬಂದಿದೆ. ಸಾಕಲ್ವಾ?

ಮೂತ್ರದಲ್ಲಿ ಅದ್ದುವ ಈ ಪಟ್ಟಿ ಮುಖ್ಯವಾಗಿ ಆಲ್ಬುಮಿನ್‌ಗೆ ಮಾತ್ರ ಬಣ್ಣ ಬದಲಾಯಿಸುತ್ತದೆ, ಹಳದಿಯಿಂದ ಹಸಿರಿಗೆ. ಸ್ವಲ್ಪ ಇದ್ದರೆ ಅದಕ್ಕೂ ಗೊತ್ತಾಗುವುದಿಲ್ಲ. ನಾಳವೇ ಕೆಟ್ಟಾಗ ಮೂತ್ರಕ್ಕೆ ಬರುವುದು ಬೀಟಾ2 ಮೈಕ್ರೊಗ್ಲೊಬ್ಯುಲಿನ್‌ನಂಥ ಪುಟ್ಟ ಪ್ರೋಟೀನ್‌ಗಳು. ಜರಡಿ ಚೆನ್ನಾಗಿದ್ದರೂ ಇವು ದಿನಾ ನುಸುಳಿ ಬರುತ್ತವೆ, ಮೆಗಾಲಿನ್ ಆಯ್ದು ಒಳಗೆ ಹಾಕಿಕೊಳ್ಳಬೇಕು. ಆಯುವವರು ಸುಸ್ತಾದರೆ ಇವು ಮೂತ್ರಕ್ಕೆ ಬೀಳುತ್ತವೆ, ಪಟ್ಟಿ ಮಾತ್ರ ಹಳದಿಯಾಗೇ ಇರುತ್ತದೆ.

ನಾನು ಕೆಲಸಕ್ಕೆ ಸೇರಿದಾಗ ಕಾಯಿಸಿ ನೋಡುವ ಪರೀಕ್ಷೆ ಇತ್ತು. ಟೆಸ್ಟ್ ಟ್ಯೂಬಿಗೆ ಮುಕ್ಕಾಲು ಮೂತ್ರ ಹಾಕಿ, ಬುಡ ಹಿಡಿದು, ಮೇಲಿನ ಭಾಗವನ್ನು ಮಾತ್ರ ಸ್ಪಿರಿಟ್ ದೀಪದ ಮೇಲೆ ಓರೆಯಾಗಿ ಕಾಯಿಸುವುದು. ಮೇಲೆ ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬು ಬರುತ್ತದೆ, ಕೆಳಗೆ ತಿಳಿಯಾಗಿರುತ್ತದೆ, ಒಂದೇ ಟ್ಯೂಬಿನಲ್ಲಿ ಹೋಲಿಸಿ ನೋಡಬಹುದು. ಆಮೇಲೆ ಎರಡು ಹನಿ ಅಸಿಟಿಕ್ ಆಮ್ಲ. ಮಬ್ಬು ಕರಗಿದರೆ ಫಾಸ್ಫೇಟ್, ಉಳಿದರೆ ಪ್ರೋಟೀನ್. ಒಬ್ಬ ಹಿರಿಯರ ಮೂತ್ರ ಕಾಯಿಸುವಾಗ ಮೊದಲು ಮಬ್ಬಾಗಿ, ಕುದಿ ಬರುತ್ತಿದ್ದ ಹಾಗೆ ತಿಳಿಯಾಗಿ, ಆರಿದಾಗ ಮತ್ತೆ ಮಬ್ಬಾಯಿತು. ನಮ್ಮ ಹಿರಿಯ ಟೆಕ್ನಿಷಿಯನ್ ಓಡಿ ಬಂದು ನೋಡಿ, ಕೂಡಲೇ ಡಾಕ್ಟರಿಗೆ ಫೋನ್ ಮಾಡಿದರು. ಅದು ಬೆನ್ಸ್ ಜೋನ್ಸ್ ಪ್ರೋಟೀನ್, ಮಲ್ಟಿಪಲ್ ಮೈಲೋಮಾ ಅನ್ನುವ ಮೂಳೆಮಜ್ಜೆಯ ಕ್ಯಾನ್ಸರಿನಲ್ಲಿ ಬರುವಂಥದ್ದು. ಈ ಪ್ರೋಟೀನನ್ನೂ ಮೆಗಾಲಿನ್, ಕ್ಯುಬಿಲಿನ್ ಹಿಡಿದು ಒಳಗೆ ಹಾಕಿಕೊಳ್ಳುತ್ತವೆ, ನಾಳ ಹಾಳಾಗುವುದು ಹಾಗೆ. ಪಟ್ಟಿಗೆ ಇದು ಸರಿಯಾಗಿ ಸಿಗುವುದಿಲ್ಲ.

ಅನುಮಾನ ಇದ್ದಾಗ ಡಾಕ್ಟರ್ ಎಸಿಆರ್ ಜೊತೆ ಪಿಸಿಆರ್ ಕೂಡ ಬರೆಯುತ್ತಾರೆ. ಅದು ಎಲ್ಲ ಬಗೆಯ ಪ್ರೋಟೀನ್ ಲೆಕ್ಕ. ಆಲ್ಬುಮಿನ್ ಕಡಿಮೆ, ಒಟ್ಟು ಪ್ರೋಟೀನ್ ಜಾಸ್ತಿ ಅಂದರೆ ತೊಂದರೆ ನಾಳದಲ್ಲೋ ರಕ್ತದಲ್ಲೋ ಅಂತ ಹುಡುಕಬೇಕು. ಅಂದ ಹಾಗೆ, ಈ ಪಿಸಿಆರ್‌ಗೂ ಕೊರೊನಾ ಟೆಸ್ಟ್‌ಗೂ ಸಂಬಂಧ ಇಲ್ಲ, ತುಂಬಾ ಜನ ಕೇಳುತ್ತಾರೆ.

ಕಿಡ್ನಿ ಕಾಯಿಲೆಗೆ ವಿಟಮಿನ್ ಡಿ ಯಾಕೆ ಕೊಡ್ತಾರೆ? ಬಿಸಿಲಲ್ಲೇ ದುಡಿಯೋರಿಗೂ?

ಬಿಸಿಲಿನಿಂದ ಚರ್ಮದಲ್ಲಿ ಆದ ವಿಟಮಿನ್ ಡಿ ಲಿವರ್‌ಗೆ ಹೋಗಿ ಒಂದು ಹಂತ ಮುಗಿಸುತ್ತದೆ. ಕೊನೆಯ ಹಂತ ಆಗುವುದು ಕಿಡ್ನಿ ನಾಳದ ಜೀವಕೋಶದ ಒಳಗೆ. ಅಲ್ಲಿಗೆ ಒಳಗೆ ಬಿಟ್ಟುಕೊಳ್ಳುವವರು ಯಾರು? ಮೆಗಾಲಿನ್. 1999ರಲ್ಲಿ ಮೆಗಾಲಿನ್ ಇಲ್ಲದ ಇಲಿಗಳಲ್ಲಿ ಇದನ್ನು ತೋರಿಸಿದರು: ವಿಟಮಿನ್ ಡಿ ಹೊತ್ತ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಯಿತು, ಇಲಿಗಳ ಮೂಳೆ ಸರಿಯಾಗಿ ಗಟ್ಟಿಯಾಗಲಿಲ್ಲ.

ಸಿಕೆಡಿಯಲ್ಲಿ ನಾಳಗಳ ಸಂಖ್ಯೆಯೇ ಇಳಿಯುತ್ತದೆ, ಫಾಸ್ಫೇಟ್ ಸಂಭಾಳಿಸುವ ಹಾರ್ಮೋನುಗಳ ಏರುಪೇರೂ ಸೇರುತ್ತದೆ. ಹೀಗಾಗಿ ದಿನವಿಡೀ ಹೊಲದಲ್ಲಿ ನಿಂತವರಿಗೂ ಕೆಲಸಕ್ಕೆ ಬರುವ ವಿಟಮಿನ್ ಡಿ ಕಡಿಮೆ ಆಗಬಹುದು. ಯಾವ ರೂಪದ ಡಿ, ಎಷ್ಟು, ಅನ್ನುವುದನ್ನು ರಕ್ತದ ಕ್ಯಾಲ್ಸಿಯಂ, ಪಿಟಿಎಚ್ ಹಾರ್ಮೋನು ನೋಡಿ ಡಾಕ್ಟರ್ ತೀರ್ಮಾನಿಸಬೇಕು. ಮೆಡಿಕಲ್ ಶಾಪಿನಿಂದ ವಾರದ ಗುಳಿಗೆ ತಂದು ನುಂಗುವುದು ಬೇಡ.

ನಮ್ಮ ತಂದೆಗೆ ಇನ್ಸುಲಿನ್ ಕಡಿಮೆ ಸಾಕಾಗ್ತಿದೆ. ಶುಗರ್ ವಾಸಿ ಆಗ್ತಿದೆಯಾ?

ದಯವಿಟ್ಟು ಇದನ್ನು ಸಂತೋಷದ ಸುದ್ದಿ ಅಂದುಕೊಳ್ಳಬೇಡಿ. ಇನ್ಸುಲಿನ್ ಸಣ್ಣ ಪ್ರೋಟೀನ್. ಜರಡಿಯಿಂದ ನುಸುಳಿದ ಇನ್ಸುಲಿನ್ ಅನ್ನು ಮೆಗಾಲಿನ್ ಹಿಡಿದು ಒಳಗೆ ತಂದು ಒಡೆದುಹಾಕುತ್ತದೆ. ಚುಚ್ಚಿಕೊಂಡ ಇನ್ಸುಲಿನ್‌ನ ದೊಡ್ಡ ಪಾಲು ಕಿಡ್ನಿಯಲ್ಲೇ ಮುಗಿಯುತ್ತದೆ. ಕಿಡ್ನಿ ಸೋತರೆ ಇನ್ಸುಲಿನ್ ರಕ್ತದಲ್ಲೇ ಹೆಚ್ಚು ಹೊತ್ತು ಸುತ್ತುತ್ತದೆ. ಮೊದಲಿನ ಡೋಸೇ ಈಗ ಜಾಸ್ತಿ ಆಗಿ, ಬೆಳಗಿನ ಜಾವ ಬೆವರಿ ನಡುಗಿ ಎಚ್ಚರ ತಪ್ಪುವವರಿದ್ದಾರೆ. ಶುಗರ್ ಪದೇ ಪದೇ ಇಳಿಯುತ್ತಿದ್ದರೆ ಅದೇ ವಾರ ಕಿಡ್ನಿ ಪರೀಕ್ಷೆ ಮಾಡಿಸಿ.

ಕಿಮ್-1 ಅನ್ನುವ ಹೊಸ ಟೆಸ್ಟ್ ಬಂದಿದೆಯಂತೆ?

ಕಿಮ್-1 ಕೂಡ ನಾಳದ ರಿಸೆಪ್ಟರ್ ಪ್ರೋಟೀನೇ, ಪೂರ್ತಿ ಹೆಸರು ಕಿಡ್ನಿ ಇಂಜುರಿ ಮಾಲಿಕ್ಯೂಲ್-1. ಚೆನ್ನಾಗಿರುವ ಕಿಡ್ನಿಯಲ್ಲಿ ಇದು ಹುಡುಕಿದರೂ ಕಾಣುವುದಿಲ್ಲ ಅನ್ನಬಹುದು. ನಾಳಕ್ಕೆ ಪೆಟ್ಟು ಬಿದ್ದರೆ ಗೋಡೆ ಮೇಲೆ ದಂಡಿಯಾಗಿ ಹುಟ್ಟುತ್ತದೆ, ಅದರ ಹೊರತುಂಡು ಕಳಚಿ ಮೂತ್ರಕ್ಕೆ ಬರುತ್ತದೆ. 1998ರಲ್ಲಿ ಜೋಸೆಫ್ ಬೊನ್ವೆಂಟ್ರೆ ಅವರ ತಂಡ ಇದನ್ನು ವರ್ಣಿಸಿತು.

ಮೊದಮೊದಲು ಇದು ಒಳ್ಳೆಯ ಕೆಲಸಕ್ಕೇ ಬರುತ್ತದೆ. ಪಕ್ಕದಲ್ಲಿ ಸತ್ತ ಜೀವಕೋಶಗಳನ್ನು ಗುರುತಿಸಿ ನುಂಗಿ, ನಾಳ ಕಟ್ಟಿಕೊಳ್ಳದ ಹಾಗೆ ಶುಚಿ ಮಾಡುತ್ತದೆ. ಆದರೆ ತಿಂಗಳುಗಟ್ಟಲೆ ಹಾಗೇ ಉಳಿದರೆ ಅದೇ ಉರಿಯೂತ, ನಾರು ಬೆಳೆಸುತ್ತದೆ ಅಂತ ಇಲಿಗಳಲ್ಲಿ ಕಂಡಿದೆ. ಕೊಬ್ಬು ಹೊತ್ತ ಆಲ್ಬುಮಿನ್ ಅನ್ನು ಕಿಮ್-1 ಕೂಡ ಒಳಗೆ ಎಳೆದುಕೊಳ್ಳುತ್ತದೆ ಅಂತಲೂ 2021ರಲ್ಲಿ ತಿಳಿದುಬಂತು. ಅಂದರೆ ಮೆಗಾಲಿನ್ ಬಾಗಿಲ ಪಕ್ಕ ಇನ್ನೊಂದು ಬಾಗಿಲು ತೆರೆದ ಹಾಗೆ.

ಜಪಾನಿನಲ್ಲಿ ಮೂತ್ರದಲ್ಲಿ ಬೀಳುವ ಮೆಗಾಲಿನ್ ತುಣುಕುಗಳನ್ನೇ ಅಳೆಯುವ ವಿಧಾನ ಮಾಡಿದ್ದಾರೆ. ಇವೆಲ್ಲ ಸಂಶೋಧನೆಯಲ್ಲಿ, ಔಷಧಿ ಪರೀಕ್ಷೆಯಲ್ಲಿ ಹೆಚ್ಚು ಬಳಕೆ. ನಿಮಗೆ ಈಗ ಬೇಕಾದದ್ದು ಎಸಿಆರ್ ಮತ್ತು ಇಜಿಎಫ್ಆರ್. ಅವೆರಡನ್ನೂ ಮಾಡಿಸದೆ ದುಬಾರಿ ಟೆಸ್ಟ್ ಹುಡುಕಿಕೊಂಡು ಹೋಗಬೇಡಿ.

ಯಾವ ಔಷಧಿಗಳು ಈ ನಾಳಕ್ಕೆ ಹಾನಿ ಮಾಡುತ್ತವೆ? ನಾಟಿ ಔಷಧಿ ಪರವಾಗಿಲ್ವಾ?

ಜೆಂಟಾಮೈಸಿನ್ ಇಂಜೆಕ್ಷನ್ ಒಳ್ಳೆಯ ಉದಾಹರಣೆ. ಜೀವ ಉಳಿಸುವ ಔಷಧಿ ಅದು, ಬೇಕಾದಾಗ ಬೇಕು. ಆದರೆ ಮೆಗಾಲಿನ್‌ಗೆ ಅಂಟಿಕೊಂಡು ನಾಳದ ಜೀವಕೋಶದ ಒಳಗೆ ಹೋಗಿ ಶೇಖರವಾಗುತ್ತದೆ. ಮೆಗಾಲಿನ್ ಇಲ್ಲದ ಇಲಿಗಳ ಕಿಡ್ನಿಯಲ್ಲಿ ಅದು ಸೇರಲೇ ಇಲ್ಲ. ಹೀಗಾಗಿ ಸಿಕೆಡಿ ಇರುವವರಿಗೆ ಡೋಸು, ದಿನಗಳ ಲೆಕ್ಕ ಹಿಡಿದೇ ಕೊಡಬೇಕು. ಬೇರೆ ಯಾವುದಕ್ಕೋ ಕ್ಲಿನಿಕ್ಕಿಗೆ ಹೋದರೂ ಸೂಜಿ ಚುಚ್ಚುವ ಮೊದಲೇ ನಿಮಗೆ ಕಿಡ್ನಿ ತೊಂದರೆ ಇದೆ ಅಂತ ಹೇಳಿ. ಮಂಡಿನೋವಿಗೆ ದಿನಾ ನುಂಗುವ ನೋವಿನ ಮಾತ್ರೆಗಳ ದಾರಿ ಬೇರೆ, ಅವು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಫಲ ಮಾತ್ರ ಒಂದೇ.

ನಾಟಿ ಔಷಧಿಯಲ್ಲಿ ನಾನು ಗಟ್ಟಿಯಾಗಿ ಬೇಡ ಅನ್ನುವುದು ಈಶ್ವರಿ ಬೇರನ್ನು. ಹಾವಿನ ಕಡಿತಕ್ಕೆ, ಹೊಟ್ಟೆನೋವಿಗೆ ಅಂತ ಕೆಲವು ಕಡೆ ಅರೆದು ಕೊಡುತ್ತಾರೆ. ಅದು ಅರಿಸ್ಟೊಲೋಕಿಯಾ ಜಾತಿಯ ಬಳ್ಳಿ, ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ನಾಳದ ಜೀವಕೋಶಗಳನ್ನೇ ಕೊಲ್ಲುತ್ತದೆ, ಕ್ಯಾನ್ಸರನ್ನೂ ತರುತ್ತದೆ. ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆಯಲ್ಲಿ ಇದೇ ಜಾತಿಯ ಗಿಡ ಸೇರಿ ಎಷ್ಟೋ ಹೆಂಗಸರ ಕಿಡ್ನಿ ಹೋದದ್ದು 1993ರಲ್ಲಿ ಬೆಳಕಿಗೆ ಬಂತು. ಹಾವು ಕಚ್ಚಿದರೆ ನೇರ ಆಸ್ಪತ್ರೆಗೆ ಓಡಿ. ಕೊಳಕುಮಂಡಲದ ವಿಷವೇ ಕಿಡ್ನಿ ಕೆಡಿಸುತ್ತದೆ, ಅದರ ಮೇಲೆ ಈ ಬೇರೂ ಬೇಕೇ?

ಮೆಗಾಲಿನ್ ಅನ್ನೇ ತಡೆದುಬಿಟ್ಟರೆ ಕಾಯಿಲೆ ನಿಲ್ಲಲ್ವಾ?

ಕೇಳಿದವರು ಇಂಜಿನಿಯರಿಂಗ್ ಓದುವ ಹುಡುಗ, ಅಮ್ಮನ ರಿಪೋರ್ಟ್ ತಗೊಳ್ಳಲು ಬಂದಿದ್ದ. ವಿಜ್ಞಾನಿಗಳೂ ಇದನ್ನೇ ಕೇಳುತ್ತಿದ್ದಾರೆ. ಇಲಿಗಳಲ್ಲಿ ಮೆಗಾಲಿನ್ ತಗ್ಗಿಸಿದಾಗ ಕೆಲವು ಬಗೆಯ ಹಾನಿ ಕಡಿಮೆಯಾಗಿದೆ. ಆದರೆ ಮೆಗಾಲಿನ್ ಬರೀ ಆಲ್ಬುಮಿನ್ ಹಿಡಿಯುವುದಿಲ್ಲವಲ್ಲ. ವಿಟಮಿನ್ ಎ, ಡಿ ಕೂಡ ಅದರ ಕೈಯಲ್ಲೇ. ಹುಟ್ಟಿನಿಂದಲೇ ಮೆಗಾಲಿನ್ ಕೆಟ್ಟಿರುವ ಡೊನೈ-ಬ್ಯಾರೋ ಸಿಂಡ್ರೋಮ್ ಇರುವ ಮಕ್ಕಳಿಗೆ ಕಿವಿ ಕೇಳಿಸದಿರುವುದು, ತೀವ್ರ ಸಮೀಪದೃಷ್ಟಿ, ಮಿದುಳಿನ ಬೆಳವಣಿಗೆಯ ತೊಂದರೆ ಎಲ್ಲ ಇರುತ್ತವೆ. ದೊಡ್ಡವರಲ್ಲಿ ಕಿಡ್ನಿಯಲ್ಲಿ ಮಾತ್ರ, ಸ್ವಲ್ಪ ಕಾಲ ಮಾತ್ರ ತಡೆಯಬಹುದೇ ಅನ್ನುವುದು ಬೇರೆ ಪ್ರಶ್ನೆ. ಇವತ್ತು ಅಂಗಡಿಯಲ್ಲಿ ಅಂಥ ಮಾತ್ರೆ ಇಲ್ಲ. ಇದೆ ಅಂತ ಯಾರಾದರೂ ಮಾರಿದರೆ ಕೊಳ್ಳಬೇಡಿ.

ಮತ್ತೆ ಈಗ ಇರುವ ಚಿಕಿತ್ಸೆ ಏನು?

ಆಯುವವರ ಭಾರ ಇಳಿಸುವುದು. ಅಂದರೆ ಜರಡಿಯಿಂದ ಬೀಳುವ ಪ್ರೋಟೀನನ್ನೇ ಕಡಿಮೆ ಮಾಡುವುದು.

ಲೊಸಾರ್ಟನ್, ಟೆಲ್ಮಿಸಾರ್ಟನ್, ರಾಮಿಪ್ರಿಲ್ ತರಹದ ಮಾತ್ರೆಗಳು ಜರಡಿಯ ಒಳಗಿನ ಒತ್ತಡ ಇಳಿಸುತ್ತವೆ. ಬಿಪಿ ನಾರ್ಮಲ್ ಆಯ್ತು ಅಂತ ಇವನ್ನು ತಾವಾಗೇ ಬಿಡುವವರನ್ನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ, ಹೊಟ್ಟೆ ಉರಿಯುತ್ತದೆ. ಆ ಮಾತ್ರೆ ಬಿಪಿಗೆ ಮಾತ್ರ ಕೊಟ್ಟದ್ದಲ್ಲ ಅಂತ ಯಾರೂ ಅವರಿಗೆ ಬಿಡಿಸಿ ಹೇಳಿರುವುದಿಲ್ಲ.

ಆಮೇಲೆ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ಇವು ತಡೆಯುವುದು ಎಸ್‌ಜಿಎಲ್‌ಟಿ2 ಅನ್ನುವ ಪ್ರೋಟೀನನ್ನು. ಸರಿಯಾಗಿ ಹೇಳಬೇಕೆಂದರೆ ಅದು ರಿಸೆಪ್ಟರ್ ಅಲ್ಲ, ಸಾಗಿಸುವ ಪ್ರೋಟೀನ್, ಆದರೆ ಮೆಗಾಲಿನ್ ಇರುವ ನಾಳದಲ್ಲೇ ಇರುತ್ತದೆ. ದಿನಕ್ಕೆ ಸೋಸಿ ಬರುವ ಸುಮಾರು 180 ಗ್ರಾಂ ಸಕ್ಕರೆಯಲ್ಲಿ ಹೆಚ್ಚುಪಾಲನ್ನು ವಾಪಸ್ ಎಳೆಯುವುದು ಇದೇ. ಇದನ್ನು ತಡೆದಾಗ ಸಕ್ಕರೆ, ಉಪ್ಪು ಮುಂದಕ್ಕೆ ಹರಿದು, ನಾಳವೇ ಜರಡಿಗೆ ಒತ್ತಡ ಇಳಿಸು ಅಂತ ಸೂಚನೆ ಕೊಡುತ್ತದೆ. 2020ರ ಡಪಾ-ಸಿಕೆಡಿ ಅಧ್ಯಯನದಲ್ಲಿ ಕಿಡ್ನಿ ತೀವ್ರವಾಗಿ ಕುಸಿಯುವ ಅಥವಾ ಕಿಡ್ನಿ, ಹೃದಯದಿಂದ ಸಾಯುವ ಅಪಾಯ 39% ಇಳಿಯಿತು. ಶುಗರ್ ಇಲ್ಲದ ಸಿಕೆಡಿ ರೋಗಿಗಳಿಗೂ ಲಾಭವಾಯಿತು. ಹಾಗಾಗಿ ನನಗೆ ಶುಗರ್ ಇಲ್ಲ, ಶುಗರ್ ಮಾತ್ರೆ ಯಾಕೆ ಬರೆದರು ಅಂತ ಸಿಟ್ಟಾಗಬೇಡಿ. ಶುರು ಮಾಡಿದಾಗ ಇಜಿಎಫ್ಆರ್ ಸ್ವಲ್ಪ ಇಳಿಯಬಹುದು, ಡಾಕ್ಟರಿಗೆ ಅದು ಗೊತ್ತಿರುತ್ತದೆ. ವಾಂತಿ ಭೇದಿ ಆದಾಗ, ಉಪವಾಸ ಇದ್ದಾಗ, ಆಪರೇಷನ್ ಮೊದಲು ಇದನ್ನು ನಿಲ್ಲಿಸಬೇಕಾಗುತ್ತದೆ, ಮೊದಲೇ ಕೇಳಿಟ್ಟುಕೊಳ್ಳಿ. ಮೂತ್ರದ ಜಾಗದಲ್ಲಿ ಫಂಗಸ್ ತುರಿಕೆ ಬರಬಹುದು, ನಾಚಿಕೆ ಪಡದೆ ಹೇಳಿ.

ನಾಳದ ಕೊನೆಯ ಭಾಗದಲ್ಲಿ ಕೆಲಸ ಮಾಡುವ ಇನ್ನೊಂದು ರಿಸೆಪ್ಟರ್ ಇದೆ, ಮಿನರಲೊಕಾರ್ಟಿಕಾಯ್ಡ್ ರಿಸೆಪ್ಟರ್. ಅದನ್ನು ತಡೆಯುವ ಫಿನರೆನೋನ್, ಶುಗರ್ ಜೊತೆ ಸಿಕೆಡಿ ಇರುವವರಿಗೆ 2020ರ ಫಿಡೆಲಿಯೋ ಅಧ್ಯಯನದಲ್ಲಿ ಉಪಯೋಗ ತೋರಿಸಿತು. ಇದರಲ್ಲಿ ಪೊಟ್ಯಾಸಿಯಂ ಏರುತ್ತದೆ, ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ.

ಪ್ರೋಟೀನ್ ಸೋರುತ್ತಿದೆ ಅಂದ ಮೇಲೆ ಮೊಟ್ಟೆ, ಪ್ರೋಟೀನ್ ಪೌಡರ್ ಜಾಸ್ತಿ ತಿನ್ನಬೇಕಾ? ಎಳನೀರು?

ಬೇಡ. ಜಾಸ್ತಿ ಪ್ರೋಟೀನ್ ತಿಂದರೆ ಜರಡಿಯ ಒತ್ತಡ ಏರುತ್ತದೆ. ಸಿಕೆಡಿ ಮೂರನೇ ಹಂತ ಅಥವಾ ಅದರ ಮುಂದಿನ ಹಂತ ತಲುಪಿದ, ಡಯಾಲಿಸಿಸ್ ಇಲ್ಲದ ದೊಡ್ಡವರಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 0.8 ಗ್ರಾಂ ಸಾಕು, ಅಂದರೆ 60 ಕಿಲೋ ಇರುವವರಿಗೆ 48 ಗ್ರಾಂ. ನಮ್ಮ ಮುದ್ದೆ ಸಾರು, ಅನ್ನ ಬೇಳೆ, ಒಂದು ಲೋಟ ಮಜ್ಜಿಗೆ ತಿನ್ನುವವರು ಹೆಚ್ಚಾಗಿ ಇದರ ಆಸುಪಾಸಿನಲ್ಲೇ ಇರುತ್ತಾರೆ. ಹಾಗಂತ ಬೇಳೆಯನ್ನೇ ಬಿಟ್ಟು ಸೊರಗಬೇಡಿ. ಡಯಾಲಿಸಿಸ್ ಶುರುವಾದವರಿಗೆ ಲೆಕ್ಕ ಬೇರೆ, ಅವರಿಗೆ ಹೆಚ್ಚು ಪ್ರೋಟೀನ್ ಬೇಕು. ಉಪ್ಪು, ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ, ಮೂತ್ರದ ಪ್ರೋಟೀನ್ ಅದರಿಂದಲೂ ಇಳಿಯುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬಾ. ಕಿಡ್ನಿಗೆ ತಂಪು ಅಂತ ದಿನಾ ಕುಡಿಸಿ ಪೊಟ್ಯಾಸಿಯಂ ಆರು ದಾಟಿದ ರಿಪೋರ್ಟ್ ನನ್ನ ಕೈಯಿಂದಲೇ ಹೋಗಿದೆ.

ಮೂತ್ರದಲ್ಲಿ ನೊರೆ ಬಂದರೆ ಪ್ರೋಟೀನ್ ಇದೆ ಅಂತಾನಾ?

ರಭಸಕ್ಕೆ, ನೀರು ಕಡಿಮೆ ಕುಡಿದಾಗ ಕೂಡ ನೊರೆ ಬರುತ್ತದೆ. ದಿನಾ ಬಂದು, ಎರಡು ಸಲ ನೀರು ಹಾಕಿದರೂ ಹೋಗದೆ ನಿಂತರೆ ಪರೀಕ್ಷೆ ಮಾಡಿಸಿ. ನೊರೆ ಇಲ್ಲ ಅಂದ ಮಾತ್ರಕ್ಕೆ ಪ್ರೋಟೀನ್ ಇಲ್ಲ ಅಂತಲೂ ಅಲ್ಲ, 100, 200 ಮಿಲಿಗ್ರಾಂ ಇದ್ದಾಗ ಕಣ್ಣಿಗೆ ಏನೂ ಕಾಣುವುದಿಲ್ಲ.

ಎಸಿಆರ್‌ಗೆ ಮೂತ್ರ ಹಿಡಿಯುವುದು ಹೇಗೆ?

ಬೆಳಿಗ್ಗೆ ಎದ್ದ ಕೂಡಲೇ ಬರುವ ಮೂತ್ರ ಒಳ್ಳೆಯದು. ಮೊದಲು ಸ್ವಲ್ಪ ಬಿಟ್ಟು, ಮಧ್ಯದ್ದನ್ನು ಲ್ಯಾಬ್ ಕೊಟ್ಟ ಒಣ ಡಬ್ಬಿಯಲ್ಲಿ ಹಿಡಿಯಿರಿ. ಹಳೇ ಟಾನಿಕ್ ಬಾಟಲಿ, ಉಪ್ಪಿನಕಾಯಿ ಡಬ್ಬಿ ತರಬೇಡಿ, ಎಷ್ಟು ತೊಳೆದರೂ ಅಂಶ ಉಳಿಯುತ್ತದೆ. ಹೆಂಗಸರು ಮುಟ್ಟಿನ ದಿನ ಬಿಟ್ಟು ಬನ್ನಿ. ಜ್ವರ ಇದ್ದರೆ ವಾಸಿ ಆಗಲಿ. ಹಿಡಿದ ಮೇಲೆ ಎರಡು ಗಂಟೆಯೊಳಗೆ ತಂದುಕೊಡಿ. ಡಬ್ಬಿ ಮೇಲೆ ಹೆಸರು ನೀವೇ ಬರೆಯಿರಿ, ನಮ್ಮ ಹತ್ತಿರ ಒಂದೇ ಹೆಸರಿನ ಮೂವರು ಒಂದೇ ಬೆಳಿಗ್ಗೆ ಬಂದದ್ದಿದೆ. ಹಳೇ ರಿಪೋರ್ಟ್ ಇರುವ ಕವರನ್ನೂ ಜೊತೆಗೆ ತನ್ನಿ.